ಚಿಕ್ಕ ವಯಸ್ಸಿಗೇ ಕೂದಲು ಉದುರಿದರೆ: ಬೋಳು ತಲೆಯನ್ನು ನಿಮ್ಮದಾಗಿಸಿಕೊಳ್ಳುವ ದಾರಿ

ಇಪ್ಪತ್ತು ದಾಟುವ ಹೊತ್ತಿಗೇ ಕೂದಲು ಉದುರಲು ಶುರುವಾದವರಿಗೆ ಒಂದು ಹೊಸ ಕೆಲಸ ಗಂಟುಬೀಳುತ್ತದೆ. ಉಳಿದ ಕೂದಲನ್ನು ಕಾಯುವ ಕೆಲಸ. ಬೆಳಿಗ್ಗೆ ಎದ್ದ ತಕ್ಷಣ ದಿಂಬಿನ ಮೇಲೆ ಎಷ್ಟು ಬಿದ್ದಿದೆ ಎಂದು ನೋಡುವುದು. ಸ್ನಾನ ಮುಗಿದ ಮೇಲೆ ಬಚ್ಚಲಿನ ಜಾಲರಿ ನೋಡುವುದು. ಒಂದು ಕಡೆಯ ಕೂದಲನ್ನು ಇನ್ನೊಂದು ಕಡೆಗೆ ಎಳೆದು ನೆತ್ತಿ ಮುಚ್ಚುವುದು. ಗಾಳಿ ಬೀಸಿದರೆ ಕೈ ತಾನಾಗಿ ತಲೆಗೆ ಹೋಗುತ್ತದೆ. ದೀಪದ ನೇರ ಕೆಳಗೆ ಕೂರಲು ಮನಸ್ಸಾಗುವುದಿಲ್ಲ. ಈಜಲು ಕರೆದರೆ ಏನೋ ಒಂದು ನೆಪ.

ಕೂದಲು ಹೋದ ನೋವು ನಿಜ. ಆದರೆ ಮನುಷ್ಯನನ್ನು ಜಾಸ್ತಿ ಸುಸ್ತು ಮಾಡುವುದು ಈ ಕಾವಲು. ನಾನೂ ಅದೇ ದಾರಿಯಲ್ಲಿ ಬಂದವನು. ತಲೆ ಬೋಳಿಸಿಕೊಂಡ ಮೇಲೆ ಆ ಕಾವಲಿನಿಂದ ಬಿಡುಗಡೆ ಸಿಕ್ಕಿತು. ಚೆನ್ನಾಗಿ ಕಾಣುತ್ತೇನೋ ಇಲ್ಲವೋ ಎಂಬ ಮಾತು ಅದರ ನಂತರದ್ದು.

ಇದನ್ನು ಎಲ್ಲರೂ ಮಾಡಲೇಬೇಕು ಅಂತೇನೂ ಇಲ್ಲ. ತೆಳುವಾದ ಕೂದಲನ್ನು ಹಾಗೇ ಬಿಟ್ಟುಕೊಂಡು ಆರಾಮಾಗಿ ಇರುವವರೂ ಇದ್ದಾರೆ. ಕಾಯುವುದು ಸಾಕಾಗಿದೆ, ತೆಗೆದುಬಿಡೋಣ ಅನ್ನಿಸುತ್ತಿದೆ, ಆದರೆ ಹೇಗೆ ಅಂತ ಗೊತ್ತಾಗುತ್ತಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ರೇಜರ್ ಹಿಡಿಯುವ ಮುಂಚೆ ಕಾರಣ ತಿಳಿದುಕೊಳ್ಳಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಒಂದೊಂದೂ ಕೆಲವು ವರ್ಷ ಬೆಳೆಯುತ್ತದೆ, ಎರಡು ಮೂರು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಬೀಳುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ಹೊಸದಾಗಿ ಹುಟ್ಟುವ ಕೂದಲು ಪ್ರತಿ ಸಲವೂ ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಗೆ ಆಗುತ್ತಾ ಹೋದಾಗ ತಲೆ ಬರಿದಾಗತೊಡಗುತ್ತದೆ.

ಚಿಕ್ಕ ವಯಸ್ಸಿನ ಗಂಡಸರಲ್ಲಿ ಇದಕ್ಕೆ ಸಾಮಾನ್ಯ ಕಾರಣ ವಂಶದಿಂದ ಬಂದ ಗುಣ. ದೇಹದ ಟೆಸ್ಟೋಸ್ಟೆರಾನ್ ಹಾರ್ಮೋನಿನ ಒಂದು ಭಾಗ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ. ಕೆಲವರ ನೆತ್ತಿಯ ಮತ್ತು ಹಣೆಯ ಮೇಲಿನ ಕೂದಲ ಬೇರುಗಳು ಈ ಡಿಎಚ್‌ಟಿಯನ್ನು ತಡೆದುಕೊಳ್ಳುವುದಿಲ್ಲ, ಕುಗ್ಗುತ್ತಾ ಹೋಗುತ್ತವೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಬೇರುಗಳಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೇ ಸುತ್ತ ಕೂದಲು ಉಳಿದು ನಡುವೆ ಬೋಳಾಗುವುದು. ತಾಯಿಯ ತಂದೆಯಿಂದ ಮಾತ್ರ ಬರುತ್ತದೆ ಎಂಬ ಮಾತನ್ನು ತುಂಬಾ ಜನ ನಂಬುತ್ತಾರೆ. ತಾಯಿಯ ಕಡೆಯಿಂದ ಬರುವ ಒಂದು ಜೀನ್‌ಗೆ ದೊಡ್ಡ ಪಾತ್ರ ಇರುವುದು ಹೌದು. ಆದರೆ ಇದರಲ್ಲಿ ಬಹಳಷ್ಟು ಜೀನ್‌ಗಳು ಸೇರಿವೆ, ಅವು ಎರಡೂ ಕಡೆಯಿಂದ ಬರುತ್ತವೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕೂದಲು ಹೋದವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಎಣ್ಣೆ ಹಚ್ಚಲಿಲ್ಲ, ಟೋಪಿ ಹಾಕಿದೆ, ಹೆಲ್ಮೆಟ್ ಹಾಕಿದೆ, ಶಾಂಪೂ ಬದಲಾಯಿಸಿದೆ, ರಾತ್ರಿ ನಿದ್ದೆಗೆಟ್ಟೆ ಅಂತ. ವಂಶದ ಬೋಳುತನ ಟೋಪಿಯಿಂದ ಬರುವುದಿಲ್ಲ, ಶಾಂಪೂವಿನಿಂದಲೂ ಬರುವುದಿಲ್ಲ. ನೀವು ಏನನ್ನೂ ಕೆಡಿಸಿಕೊಂಡಿಲ್ಲ.

ಆದರೆ ಎಲ್ಲ ಕೂದಲು ಉದುರುವಿಕೆಯೂ ಇದೇ ಅಲ್ಲ. ಈ ಕೆಳಗಿನ ಯಾವುದಾದರೂ ಇದ್ದರೆ ಬೋಳಿಸುವ ಮುಂಚೆ ಚರ್ಮದ ಡಾಕ್ಟರ ಹತ್ತಿರ ಹೋಗಿ:

- ನಾಣ್ಯದಷ್ಟು ಅಗಲದ ದುಂಡನೆಯ ಜಾಗಗಳಲ್ಲಿ ಕೂದಲು ಪೂರ್ತಿ ಹೋಗಿದ್ದರೆ, ಹುಬ್ಬು ರೆಪ್ಪೆಗಳೂ ಉದುರುತ್ತಿದ್ದರೆ. ಇದು ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬೇರಿನ ಮೇಲೆ ತಿರುಗಿಬೀಳುವ ಅಲೋಪೇಶಿಯಾ ಏರಿಯೇಟಾ ಇರಬಹುದು. ಇದರಲ್ಲಿ ಕೂದಲು ಮತ್ತೆ ಬರುವ ಸಾಧ್ಯತೆ ಇದೆ. ತೀವ್ರವಾಗಿದ್ದರೆ ಬಾರಿಸಿಟಿನಿಬ್‌ನಂಥ ಮಾತ್ರೆಗಳೂ ಇವೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕಾಗಿ ಅದನ್ನು 2022ರಲ್ಲಿ ಒಪ್ಪಿತು.
- ಜೋರು ಜ್ವರ, ಆಪರೇಷನ್, ಹೆರಿಗೆ ಅಥವಾ ವಿಪರೀತ ತೂಕ ಇಳಿಸಿದ ಎರಡು ಮೂರು ತಿಂಗಳಿಗೆ ತಲೆಯ ಎಲ್ಲ ಕಡೆಯಿಂದ ಕೂದಲು ಉದುರತೊಡಗಿದ್ದರೆ. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ.
- ನೆತ್ತಿಯಲ್ಲಿ ಉರಿ, ನೋವು, ಕೀವು, ಕೆಂಪು ಇದ್ದರೆ, ಅಥವಾ ಚರ್ಮ ನುಣ್ಣಗೆ ಮಿರುಗುವ ಕಲೆಯಂತೆ ಆಗುತ್ತಿದ್ದರೆ. ಕೆಲವು ಕಾಯಿಲೆಗಳು ಕೂದಲ ಬೇರನ್ನೇ ಸುಟ್ಟುಹಾಕುತ್ತವೆ. ಬೇಗ ಹೋದರೆ ಉಳಿದದ್ದನ್ನಾದರೂ ಉಳಿಸಿಕೊಳ್ಳಬಹುದು.
- ಸುಸ್ತು, ತೂಕದ ಏರಿಳಿತ, ಮುಟ್ಟಿನ ಏರುಪೇರು ಜೊತೆಗಿದ್ದರೆ. ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ಹೆಂಗಸರಲ್ಲಿ ಹಾರ್ಮೋನಿನ ಏರುಪೇರಾಗುವ ಪಿಸಿಒಎಸ್ ಇವೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಚಿಕಿತ್ಸೆಯ ಬಗ್ಗೆ ಒಂದು ತೀರ್ಮಾನಕ್ಕೆ ಬನ್ನಿ

ಅರ್ಧ ಮನಸ್ಸಿನಲ್ಲಿ ಬೋಳಿಸಬೇಡಿ. 'ಔಷಧಿ ಹಚ್ಚಿದ್ದರೆ ಬರುತ್ತಿತ್ತೇನೋ' ಎಂಬ ಯೋಚನೆ ಹಿಂದೆ ಉಳಿದರೆ ನೆಮ್ಮದಿ ಇರುವುದಿಲ್ಲ. ಅದಕ್ಕೇ ಮೊದಲು ಇರುವ ದಾರಿಗಳನ್ನು ತಿಳಿದುಕೊಂಡು ಬೇಕು ಅಥವಾ ಬೇಡ ಅನ್ನಿ.

ವಂಶದ ಬೋಳುತನಕ್ಕೆ ಕೆಲಸ ಮಾಡುತ್ತದೆ ಎಂದು ಸಾಬೀತಾದ ಔಷಧಿಗಳು ಬೆರಳೆಣಿಕೆಯಷ್ಟೇ. ಒಂದು, ತಲೆಗೆ ಹಚ್ಚುವ ಮಿನಾಕ್ಸಿಡಿಲ್. ಇದು ಮೊದಲು ರಕ್ತದೊತ್ತಡಕ್ಕೆ ಕೊಡುತ್ತಿದ್ದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ಹಚ್ಚುವ ಔಷಧಿಯಾಯಿತು. 1988ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಇನ್ನೊಂದು, ಡಿಎಚ್‌ಟಿ ತಯಾರಾಗುವುದನ್ನು ತಗ್ಗಿಸುವ ಫಿನಾಸ್ಟೆರೈಡ್. ಕೂದಲಿಗಾಗಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಎರಡನ್ನೂ ತಿಂಗಳುಗಟ್ಟಲೆ ಬಿಡದೆ ಬಳಸಿದರೆ ಮಾತ್ರ ಫಲ ಕಾಣುತ್ತದೆ. ನಿಲ್ಲಿಸಿದರೆ ಉಳಿಸಿಕೊಂಡ ಕೂದಲು ಮತ್ತೆ ಹೋಗುತ್ತದೆ. ಫಿನಾಸ್ಟೆರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ಆಗಬಹುದು. ಡಾಕ್ಟರನ್ನು ಕೇಳದೆ ಇದನ್ನು ತೆಗೆದುಕೊಳ್ಳಬೇಡಿ. ಗರ್ಭಿಣಿಯರು ಪುಡಿಯಾದ ಅಥವಾ ಮುರಿದ ಮಾತ್ರೆಯನ್ನು ಮುಟ್ಟಲೂ ಬಾರದು.

ಕೂದಲು ಕಸಿಯ ವಿಷಯದಲ್ಲಿ ಚಿಕ್ಕವರು ಆತುರ ಪಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಿಂದಲೆಯಿಂದ ಕಿತ್ತು ಮುಂದೆ ನೆಡುತ್ತಾರೆ. ಹಿಂದಲೆಯ ದಾಸ್ತಾನಿಗೆ ಮಿತಿ ಇದೆ. ಇಪ್ಪತ್ತೆರಡರಲ್ಲಿ ಹಣೆಯ ಮೇಲೆ ನೆಟ್ಟರೆ, ಮೂವತ್ತರ ಹೊತ್ತಿಗೆ ಅದರ ಹಿಂದಿನ ಕೂದಲು ಉದುರಿ ನೆಟ್ಟದ್ದು ಮಾತ್ರ ಒಂಟಿ ಸಾಲಾಗಿ ಉಳಿಯಬಹುದು. ಇನ್ನೊಂದು ವಿಷಯವನ್ನು ಆಗ ಯಾರೂ ಯೋಚಿಸಿರುವುದಿಲ್ಲ. ಚರ್ಮದ ಪಟ್ಟಿ ಕತ್ತರಿಸಿ ಮಾಡುವ ಕಸಿಯಲ್ಲಿ ಹಿಂದಲೆಯಲ್ಲಿ ಉದ್ದ ಗೆರೆಯಂಥ ಕಲೆ ಉಳಿಯುತ್ತದೆ. ಒಂದೊಂದೇ ಬೇರು ತೆಗೆಯುವ ವಿಧಾನದಲ್ಲಿ ಸಣ್ಣ ಬಿಳಿ ಚುಕ್ಕೆಗಳು ಉಳಿಯುತ್ತವೆ. ಮುಂದೆ ತಲೆ ಬೋಳಿಸಬೇಕು ಅನ್ನಿಸಿದರೆ ಆ ಗುರುತು ಎದ್ದು ಕಾಣುತ್ತದೆ.

ಔಷಧಿ ಬಳಸಿ ನೋಡುತ್ತೇನೆ ಅಂದರೆ ತಪ್ಪೇನಿಲ್ಲ. ಅದರಿಂದ ಆಗಲಿಲ್ಲ ಅಂದಾಗ, ಅಥವಾ ಜೀವನಪೂರ್ತಿ ಹಚ್ಚುವುದು ಬೇಡ ಅನ್ನಿಸಿದಾಗ ಮುಂದಿನ ಹೆಜ್ಜೆ.

ಮುಚ್ಚುವುದನ್ನು ನಿಲ್ಲಿಸುವ ಧೈರ್ಯ

ಟೆನಿಸ್ ಆಟಗಾರ ಆಂಡ್ರೆ ಅಗಾಸಿ 1990ರಲ್ಲಿ ಫ್ರೆಂಚ್ ಓಪನ್ ಫೈನಲ್ ತಲುಪಿದಾಗ ಅವರಿಗೆ 20 ವರ್ಷ. ಉದ್ದ ಕೂದಲಿಗೆ ಹೆಸರಾಗಿದ್ದರು. ಅದರಲ್ಲಿ ಬಹಳಷ್ಟು ವಿಗ್ ಎಂದು ಜನಕ್ಕೆ ಗೊತ್ತಿರಲಿಲ್ಲ. ಫೈನಲ್‌ನ ಹಿಂದಿನ ರಾತ್ರಿ ಸ್ನಾನ ಮಾಡುವಾಗ ವಿಗ್ ಬಿಚ್ಚಿಕೊಳ್ಳತೊಡಗಿತು. ಪಿನ್ನುಗಳಿಂದ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದರು. ಗೆಲುವಿಗಾಗಿ ಅಲ್ಲ, ವಿಗ್ ಬೀಳದಿರಲಿ ಎಂದು ಪ್ರಾರ್ಥಿಸಿದ್ದಾಗಿ 2009ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಆ ಪಂದ್ಯ ಸೋತರು. 1995ರ ಆಸ್ಟ್ರೇಲಿಯನ್ ಓಪನ್‌ಗೆ ಬೋಳಿಸಿದ ತಲೆಯಲ್ಲಿ ಬಂದರು, ಗೆದ್ದರು. ತಲೆ ಬೋಳಿಸಿದ್ದಕ್ಕೇ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಲೋಕದ ದೊಡ್ಡ ಫೈನಲ್ ಆಡುವಾಗಲೂ ಗಮನವೆಲ್ಲ ಪಿನ್ನುಗಳ ಮೇಲೆ ಇರುವಂತೆ ಮಾಡುತ್ತದಲ್ಲ, ಆ ಭಯದ ಶಕ್ತಿ ನೋಡಿ. ನಮ್ಮ ನಿಮ್ಮ ಸಂದರ್ಶನ, ಪರೀಕ್ಷೆ, ಮೊದಲ ಭೇಟಿಗಳಲ್ಲೂ ಅದೇ ನಡೆಯುತ್ತಿರುತ್ತದೆ, ಅಲ್ವಾ?

ಜನ ಹೇಗೆ ನೋಡುತ್ತಾರೆ ಎಂಬ ಪ್ರಶ್ನೆಗೆ ಸ್ವಲ್ಪ ಉತ್ತರ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮ್ಯಾನೆಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಗಂಡಸಿನ ಎರಡು ಫೋಟೋ ತೋರಿಸಿದರು. ಒಂದರಲ್ಲಿ ಕೂದಲು, ಇನ್ನೊಂದರಲ್ಲಿ ಕಂಪ್ಯೂಟರ್‌ನಲ್ಲಿ ಕೂದಲು ಅಳಿಸಿದ ತಲೆ. ಬೋಳು ತಲೆಯ ಫೋಟೋ ನೋಡಿದವರು ಅದೇ ಮನುಷ್ಯನನ್ನು ಸುಮಾರು ಒಂದು ಇಂಚು ಎತ್ತರ, ಶೇಕಡ 13ರಷ್ಟು ಹೆಚ್ಚು ಬಲಶಾಲಿ ಎಂದು ಅಂದಾಜು ಮಾಡಿದರು. ಆಕರ್ಷಣೆಯಲ್ಲಿ ಸ್ವಲ್ಪ ಕಡಿಮೆ, ವಯಸ್ಸು ಸ್ವಲ್ಪ ಜಾಸ್ತಿ ಎಂದೂ ಹೇಳಿದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಎಲ್ಲಕ್ಕಿಂತ ಕೆಳಗೆ ಅಂಕ ಬಿದ್ದದ್ದು ಅರೆಬರೆ ಕೂದಲು ಉಳಿದ ತಲೆಗೆ. ಎಷ್ಟೋ ವರ್ಷ ನಾವು ಕಷ್ಟಪಟ್ಟು ಕಾಯುವುದು ಅದನ್ನೇ.

ಒಂದೇ ಏಟಿಗೆ ಬೇಡ, ಇಳಿಸುತ್ತಾ ಬನ್ನಿ

ಉದ್ದ ಕೂದಲಿನಿಂದ ನೇರ ರೇಜರ್‌ಗೆ ಹೋದರೆ ಕನ್ನಡಿಯಲ್ಲಿ ಬೇರೆ ಯಾರೋ ಕಾಣುತ್ತಾರೆ. ಕೆಲವರಿಗೆ ಅದೇ ಇಷ್ಟ. ಹೆಚ್ಚಿನವರಿಗೆ ನಿಧಾನವಾಗಿ ಇಳಿಸುವುದು ಒಳ್ಳೆಯದು.

ಟ್ರಿಮ್ಮರ್ ಮಷಿನ್‌ಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್‌ಗಳಿಗೆ ನಂಬರ್ ಇರುತ್ತದೆ. ಸಾಮಾನ್ಯವಾಗಿ 4ನೇ ನಂಬರ್ ಅಂದರೆ ಸುಮಾರು 13 ಮಿಲಿಮೀಟರ್, 2 ಅಂದರೆ 6, 1 ಅಂದರೆ 3. ಮೊದಲು 4ರಲ್ಲಿ ಕತ್ತರಿಸಿ. ಒಂದೆರಡು ವಾರ ಹಾಗೇ ಓಡಾಡಿ. ಆಮೇಲೆ 2, ಆಮೇಲೆ 1. ಅದೂ ರೂಢಿಯಾದ ಮೇಲೆ ಗಾರ್ಡ್ ತೆಗೆದು ಬರಿ ಮಷಿನ್.

ಇಳಿಸುತ್ತಾ ಹೋದಂತೆ ಒಂದು ವಿಷಯ ಕಾಣುತ್ತದೆ. ಉದ್ದ ಇದ್ದಾಗ ದಟ್ಟ ಜಾಗಕ್ಕೂ ತೆಳು ಜಾಗಕ್ಕೂ ಇದ್ದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಗಿಡ್ಡ ಮಾಡಿದಷ್ಟೂ ಆ ವ್ಯತ್ಯಾಸ ಕಡಿಮೆ ಆಗುತ್ತದೆ. ಹಣೆ ಸ್ವಲ್ಪ ಹಿಂದೆ ಸರಿದಿರುವವರಿಗೆ 1ನೇ ನಂಬರ್ ಸಾಕು, ರೇಜರ್ ಬೇಕೇ ಆಗುವುದಿಲ್ಲ. ನೆತ್ತಿ ಪೂರ್ತಿ ಖಾಲಿಯಾಗಿ ಸುತ್ತ ಮಾತ್ರ ಕಪ್ಪು ಪಟ್ಟಿ ಉಳಿದವರಿಗೆ ರೇಜರ್ ಚೆನ್ನಾಗಿ ಒಪ್ಪುತ್ತದೆ. ಯಾವ ಹಂತ ಹಿಡಿಸಿತೋ ಅಲ್ಲೇ ನಿಲ್ಲಿ.

ಬೋಳಿಸಿದರೆ ಕೂದಲು ದಪ್ಪಗೆ, ಬೇಗ ಬರುತ್ತದೆ ಎಂಬ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದ್ದರು. ಶೇವ್ ಮಾಡುವುದರಿಂದ ಕೂದಲ ದಪ್ಪವೂ ಬದಲಾಗಲಿಲ್ಲ, ಬೆಳೆಯುವ ವೇಗವೂ ಬದಲಾಗಲಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ.

ಮೊದಲ ಸಲ ರೇಜರ್‌ನಿಂದ ಬೋಳಿಸುವ ದಿನ

ಎರಡು ದಿನ ರಜೆ ಇರುವಾಗ ಮಾಡಿ. ಮೊದಲ ದಿನ ಚರ್ಮ ಕೆಂಪಗಾಗಬಹುದು. ಮುಖದ ಬಣ್ಣಕ್ಕೂ ನೆತ್ತಿಯ ಬಣ್ಣಕ್ಕೂ ವ್ಯತ್ಯಾಸ ಕಾಣುತ್ತದೆ. ಇಷ್ಟು ದಿನ ಬಿಸಿಲು ನೋಡದ ಚರ್ಮ ಅದು. ಕೆಲವು ವಾರಗಳಲ್ಲಿ ಸಮನಾಗುತ್ತದೆ. ಬಣ್ಣ ಸಮ ಮಾಡಲು ಬೇಕೆಂದೇ ಬಿಸಿಲಿಗೆ ನಿಲ್ಲಬೇಡಿ.

ಮೊದಲು ಮಷಿನ್‌ನಿಂದ ಎಷ್ಟು ಗಿಡ್ಡ ಸಾಧ್ಯವೋ ಅಷ್ಟು ಕತ್ತರಿಸಿ. ಉದ್ದ ಕೂದಲು ರೇಜರ್‌ಗೆ ಸಿಕ್ಕರೆ ಬ್ಲೇಡ್ ಕಟ್ಟಿಕೊಂಡು ಚರ್ಮ ಎಳೆಯುತ್ತದೆ. ಈಗ ಎರಡು ಕನ್ನಡಿ ಹಿಡಿದು, ಇಲ್ಲವೇ ಮನೆಯವರನ್ನು ಕರೆದು, ತಲೆಯನ್ನು ಒಮ್ಮೆ ಪೂರ್ತಿ ನೋಡಿ. ಎಲ್ಲಿ ಮಚ್ಚೆ ಇದೆ, ಎಲ್ಲಿ ಉಬ್ಬಿದೆ, ಹಳೆಯ ಗಾಯದ ಗುರುತು ಎಲ್ಲಿದೆ. ಬೆರಳಿನಿಂದ ಸವರಿ ನೆನಪಿಟ್ಟುಕೊಳ್ಳಿ. ಉಬ್ಬಿದ ಮಚ್ಚೆಯನ್ನು ಬ್ಲೇಡ್ ಸೀಳಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಒಂದು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುಂದೆ ಮಚ್ಚೆಯ ಆಕಾರ, ಬಣ್ಣ ಬದಲಾದರೆ ಗೊತ್ತಾಗುತ್ತದೆ.

ಬಿಸಿ ನೀರಿನ ಸ್ನಾನ ಮಾಡಿ, ಇಲ್ಲವೇ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಐದು ನಿಮಿಷ ತಲೆಗೆ ಸುತ್ತಿ. ಕೂದಲು ಮೆತ್ತಗಾಗುತ್ತದೆ. ನೊರೆ ಬರದ ಪಾರದರ್ಶಕ ಶೇವಿಂಗ್ ಜೆಲ್ ಸಿಕ್ಕರೆ ಅದನ್ನೇ ಹಚ್ಚಿ, ಎಲ್ಲಿ ಬ್ಲೇಡ್ ಓಡುತ್ತಿದೆ ಎಂದು ಕಾಣುತ್ತದೆ. ಸೋಪು ಬೇಡ, ಚರ್ಮ ಒಣಗಿಸುತ್ತದೆ.

ಹೊಸ ಬ್ಲೇಡ್ ಹಾಕಿ. ಮೇಲ್ಭಾಗದಿಂದ ಶುರುಮಾಡಿ, ಅಲ್ಲಿ ಕೂದಲು ಕಡಿಮೆ, ಕೈ ಪಳಗುತ್ತದೆ. ಆಮೇಲೆ ಪಕ್ಕಗಳು, ಕೊನೆಗೆ ಹಿಂದಲೆ. ಕೂದಲು ಬೆಳೆಯುವ ದಿಕ್ಕಿನಲ್ಲೇ ಎಳೆಯಿರಿ. ನೆತ್ತಿಯ ಸುಳಿ ಇರುವ ಕಡೆ ದಿಕ್ಕು ಸುತ್ತ ತಿರುಗುತ್ತದೆ, ಅಲ್ಲಿ ಸಣ್ಣ ಸಣ್ಣ ಎಳೆತಗಳಲ್ಲಿ ದಿಕ್ಕು ಬದಲಿಸುತ್ತಾ ಹೋಗಿ. ಒತ್ತಬೇಡಿ. ಬ್ಲೇಡ್‌ನ ಭಾರವೇ ಸಾಕು. ನಾಲ್ಕೈದು ಎಳೆತಕ್ಕೊಮ್ಮೆ ಬ್ಲೇಡ್ ತೊಳೆಯಿರಿ. ಒಂದು ಕೈಯಲ್ಲಿ ರೇಜರ್, ಇನ್ನೊಂದು ಕೈ ಹಿಂದೆಯೇ ಸವರುತ್ತಾ ಬರಲಿ. ಹಿಂದಲೆಯಲ್ಲಿ ಕಣ್ಣಿಗಿಂತ ಕೈಯನ್ನೇ ನಂಬಬೇಕು. ಗಲ್ಲವನ್ನು ಎದೆಗೆ ತಾಗಿಸಿದರೆ ಕತ್ತಿನ ಹಿಂದಿನ ಚರ್ಮ ಬಿಗಿಯಾಗುತ್ತದೆ. ಕಿವಿಯ ಹಿಂದೆ ಮಾಡುವಾಗ ಕಿವಿಯನ್ನು ಮುಂದಕ್ಕೆ ಮಡಚಿ.

ಇನ್ನೂ ನುಣ್ಣಗೆ ಆಗಲಿ ಎಂದು ಎದುರು ದಿಕ್ಕಿನಲ್ಲಿ ಎಳೆಯುವ ಆಸೆ ಬರುತ್ತದೆ. ಮೊದಲ ಕೆಲವು ವಾರ ಬೇಡ. ಚರ್ಮ ರೂಢಿಯಾಗಲಿ.

ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಆಲ್ಕೋಹಾಲ್ ಇಲ್ಲದ, ಪರಿಮಳ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಗೀರಿದ್ದರೆ ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಬಿಡದೆ ಒತ್ತಿಹಿಡಿಯಿರಿ. ತಲೆಯ ಚರ್ಮಕ್ಕೆ ರಕ್ತದ ಓಡಾಟ ಜಾಸ್ತಿ, ಸಣ್ಣ ಗೀರೂ ಜೋರಾಗಿ ಸುರಿಯುತ್ತದೆ. ಗಾಬರಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬ್ಲೇಡ್ ಬಿಟ್ಟು ಎಲೆಕ್ಟ್ರಿಕ್ ಶೇವರ್ ಬಳಸಲಿ.

ಬ್ಲೇಡನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ, ಅಣ್ಣತಮ್ಮಂದಿರ ಜೊತೆಗೂ ಬೇಡ. ಹೆಪಟೈಟಿಸ್ ಬಿ ಮತ್ತು ಸಿ ಹೀಗೆ ಹರಡಬಹುದು. ಸಲೂನ್‌ನಲ್ಲಿ ಮಾಡಿಸಿದರೆ ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ಹಾಕಿಸಿ. ಕೇಳಲು ಸಂಕೋಚ ಪಡಬೇಡಿ.

ದಿನನಿತ್ಯದ ಆರೈಕೆ

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಮರುದಿನವೇ ತಲೆ ಒರಟಾಗುತ್ತದೆ. ಟೀ ಶರ್ಟ್ ಹಾಕುವಾಗ ಸಿಕ್ಕಿಕೊಳ್ಳುತ್ತದೆ, ದಿಂಬಿಗೆ ಉಜ್ಜುತ್ತದೆ. ನುಣ್ಣಗೆ ಇರಬೇಕೆಂದರೆ ಎರಡು ಮೂರು ದಿನಕ್ಕೊಮ್ಮೆ ಶೇವ್ ಮಾಡಬೇಕು. ಮಷಿನ್ ಹಾಕುವವರಿಗೆ ವಾರಕ್ಕೊಮ್ಮೆ ಸಾಕು.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಬಿಸಿಲಿನ ಬಗ್ಗೆ. ಕೂದಲು ನೆತ್ತಿಗೆ ಕೊಡೆಯಾಗಿತ್ತು. ಅದು ಹೋದ ಮೇಲೆ ಸೂರ್ಯನ ಕಿರಣ ನೇರ ಬೀಳುವ ಜಾಗ ಅದೇ. ವರ್ಷಗಟ್ಟಲೆ ಸುಟ್ಟ ಚರ್ಮದಲ್ಲಿ ಒರಟು ಹೆಕ್ಕಳೆಗಳು ಏಳುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಗೆ ತಿರುಗಬಹುದು. ಮೈಬಣ್ಣ ಕಪ್ಪಾಗಿದ್ದರೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಚಿಕ್ಕ ವಯಸ್ಸಿಗೇ ಬೋಳಿಸುವ ನಿಮಗೆ ಮುಂದೆ ಅರ್ಧ ಶತಮಾನದ ಬಿಸಿಲು ಇದೆ. ಹೊರಗೆ ಹೋಗುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಕಿವಿಯ ಮೇಲಂಚು, ಕತ್ತಿನ ಹಿಂಭಾಗ ಮರೆಯಬೇಡಿ. ಎರಡು ಗಂಟೆಗೊಮ್ಮೆ, ಬೆವರಿದ ಮೇಲೆ, ಈಜಿದ ಮೇಲೆ ಮತ್ತೆ ಹಚ್ಚಿ. ಮೋಡ ಇದೆ ಅಂತ ಬಿಡಬೇಡಿ. ಹೆಚ್ಚು ಹೊತ್ತು ಬಿಸಿಲಲ್ಲಿ ಇರುವುದಾದರೆ ಸುತ್ತ ಅಂಚಿರುವ ಟೋಪಿಯೇ ಸರಿ. ತಲೆಯ ಮೇಲಿನ ಯಾವುದೇ ಹುಣ್ಣು, ಒರಟು ಚುಕ್ಕೆ ಒಂದು ತಿಂಗಳಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ.

ತಲೆಹೊಟ್ಟು ಕೂದಲಿನ ಜೊತೆ ಹೋಗುವುದಿಲ್ಲ, ಅದು ಚರ್ಮದ್ದು. ಹೊಟ್ಟು ಇರುವವರು ಕೀಟೋಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ ಹಚ್ಚಬಹುದು. ಇಲ್ಲದಿದ್ದರೆ ಮುಖಕ್ಕೆ ಬಳಸುವ ಫೇಸ್‌ವಾಶ್ ಸಾಕು. ತಲೆ ತುಂಬಾ ಹೊಳೆಯುತ್ತದೆ ಅನ್ನಿಸಿದರೆ ಎಣ್ಣೆಯಂಶ ಇಲ್ಲದ ಮ್ಯಾಟ್ ಮಾಯಿಶ್ಚರೈಸರ್ ಸಿಗುತ್ತದೆ.

ಗುಂಗುರು ಕೂದಲಿನವರಿಗೆ ಒಂದು ಎಚ್ಚರಿಕೆ. ನುಣ್ಣಗೆ ಬೋಳಿಸಿದಾಗ ಕೂದಲು ಚರ್ಮದೊಳಗೇ ತಿರುಗಿ ಬೆಳೆದು ಗುಳ್ಳೆಗಳಾಗುತ್ತವೆ. ಕತ್ತಿನ ಹಿಂದೆ ಗಟ್ಟಿ ಗುಳ್ಳೆಗಳು ಏಳತೊಡಗಿದರೆ ರೇಜರ್ ನಿಲ್ಲಿಸಿ, ಮಷಿನ್‌ಗೆ ಬನ್ನಿ, ಡಾಕ್ಟರನ್ನು ನೋಡಿ. ಚಿವುಟಬೇಡಿ. ಅವು ದೊಡ್ಡ ಗಂಟುಗಳಾಗಿ ಉಳಿದುಬಿಡಬಹುದು.

ಇನ್ನು ಸಣ್ಣಪುಟ್ಟವು. ಬೆವರು ತಡೆಯಲು ಕೂದಲಿಲ್ಲ, ನೇರ ಕಣ್ಣಿಗಿಳಿಯುತ್ತದೆ. ವ್ಯಾಯಾಮ ಮಾಡುವಾಗ ಹಣೆಗೆ ಪಟ್ಟಿ ಕಟ್ಟಿಕೊಳ್ಳಿ. ರಾತ್ರಿ ತಲೆಗೆ ಚಳಿಯಾಗುತ್ತದೆ, ತೆಳು ಟೋಪಿ ಇಟ್ಟುಕೊಳ್ಳಿ. ಹೆಲ್ಮೆಟ್ ಸಡಿಲವಾಗಿರುತ್ತದೆ, ಪಟ್ಟಿ ಬಿಗಿ ಮಾಡಿ, ಸಾಲದಿದ್ದರೆ ಅಳತೆ ಬದಲಿಸಿ.

ಜನರ ಮಾತು

ಮೊದಲ ವಾರ ಎಲ್ಲರೂ ಏನಾದರೂ ಹೇಳುತ್ತಾರೆ. 'ಯಾಕೋ ಹೀಗೆ ಮಾಡ್ಕೊಂಡೆ?', 'ಏನಾಯ್ತಪ್ಪಾ, ಹುಷಾರಿದ್ದೀಯಾ?' ಅನ್ನುವವರು ಹೆಚ್ಚಿನವರು ಅಕ್ಕರೆಯಿಂದಲೇ ಕೇಳುತ್ತಾರೆ. ಇದಕ್ಕೆ ಉದ್ದ ವಿವರಣೆ ಬೇಕಿಲ್ಲ. 'ಕೂದಲು ಉದುರ್ತಾ ಇತ್ತು, ತೆಗೆದುಬಿಟ್ಟೆ. ಆರಾಮಾಗಿದ್ದೀನಿ' ಅಂದರೆ ಸಾಕು. ನೇರವಾಗಿ ಹೇಳಿದಾಗ ಮಾತು ಅಲ್ಲಿಗೇ ಮುಗಿಯುತ್ತದೆ. ತಡವರಿಸಿದರೆ, ನಾಚಿಕೊಂಡರೆ ಸಲಹೆಗಳು ಶುರುವಾಗುತ್ತವೆ. ಆ ಎಣ್ಣೆ, ಈ ಸೊಪ್ಪು, ಅವರಿಗೆ ಗೊತ್ತಿರುವ ಯಾವುದೋ ಡಾಕ್ಟರು.

ಅಪ್ಪ ಅಮ್ಮ, ಸಂಗಾತಿ, ಹತ್ತಿರದ ಗೆಳೆಯರಿಗೆ ಮೊದಲೇ ತಿಳಿಸಿ. ಅಪ್ಪಣೆ ಕೇಳಲು ಅಲ್ಲ, ಅವರಿಗೆ ದಿಢೀರ್ ಆಘಾತ ಆಗದಿರಲಿ ಅಂತ. ಅಮ್ಮಂದಿರಿಗೆ ಇದು ಮಗನಿಗಿಂತ ಜಾಸ್ತಿ ನೋವು ಕೊಡಬಹುದು. ಅವರಿಗೂ ಸ್ವಲ್ಪ ಸಮಯ ಕೊಡಿ.

ತಮಾಷೆ ಮಾಡುವವರಲ್ಲಿ ಎರಡು ಬಗೆ. ಒಮ್ಮೆ ಅಂದು ಮರೆಯುವವರನ್ನು ಬಿಟ್ಟುಬಿಡಿ. ದಿನಾ ಅದನ್ನೇ ಹಿಡಿದವರಿಗೆ, ಬೇರೆಯವರಿಲ್ಲದಾಗ, 'ನನಗೆ ಇದು ಇಷ್ಟ ಆಗ್ತಿಲ್ಲ, ನಿಲ್ಲಿಸು' ಎಂದು ಸಾದಾ ದನಿಯಲ್ಲಿ ಹೇಳಿ. ಕೇಳದೆ ತಲೆ ಸವರುವವರಿಗೂ ಬೇಡ ಎನ್ನಬಹುದು. ಅದು ನಿಮ್ಮ ತಲೆ.

ಪರಿಚಯದ ತಾಣಗಳಲ್ಲಿ, ಮದುವೆಯ ಮಾತುಕತೆಗೆ ಈಗಿನ ಫೋಟೋವನ್ನೇ ಕೊಡಿ. ಟೋಪಿ ಹಾಕಿದ್ದು, ಮೂರು ವರ್ಷ ಹಳೆಯದು ಬೇಡ. ಹಳೆಯ ಫೋಟೋ ಕೊಟ್ಟರೆ ಮೊದಲ ಭೇಟಿಯವರೆಗೂ ಮತ್ತೆ ಅದೇ ಕಾವಲು. ಗುರುತಿನ ಚೀಟಿಗಳಲ್ಲಿ ಮುಖ ತೀರಾ ಬೇರೆ ಕಾಣುತ್ತಿದ್ದರೆ ಫೋಟೋ ಬದಲಿಸಿ, ಪ್ರಯಾಣದಲ್ಲಿ ಪರದಾಟ ತಪ್ಪುತ್ತದೆ.

ರೂಪಕ್ಕೆ ಒಂದೆರಡು ಮಾತು

ಕೂದಲು ಹೋದ ಮೇಲೆ ನೋಡುವವರ ಕಣ್ಣು ಗಡ್ಡ, ಹುಬ್ಬು, ಕನ್ನಡಕದ ಕಡೆ ಹೋಗುತ್ತದೆ. ಗಡ್ಡ ಬರುವವರು ಸಣ್ಣಗೆ ಬಿಟ್ಟು ನೋಡಿ, ಅಂಚುಗಳನ್ನು ಒಪ್ಪವಾಗಿ ಇಟ್ಟುಕೊಳ್ಳಿ. ಬಾರದವರು ನುಣ್ಣಗೆ ಶೇವ್ ಮಾಡಿದರೂ ಚೆನ್ನಾಗಿಯೇ ಕಾಣುತ್ತದೆ. ಅಳತೆಗೆ ಸರಿಯಾದ ಅಂಗಿ ಹಾಕಿ. ನೆಟ್ಟಗೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ, ಏಕೆಂದರೆ ನೆತ್ತಿ ಮುಚ್ಚಿಕೊಂಡು ಓಡಾಡಿದವರ ಕತ್ತು ಸ್ವಲ್ಪ ಬಗ್ಗಿರುತ್ತದೆ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ, ಏಕೆಂದರೆ ಬೋಳು ತಲೆಯ ಹೆಣ್ಣನ್ನು ಜನ ದಿಟ್ಟಿಸುತ್ತಾರೆ. ಅಮೆರಿಕದ ಸಂಸದೆ ಅಯಾನಾ ಪ್ರೆಸ್ಲಿ 2020ರ ಜನವರಿಯಲ್ಲಿ ತಮಗೆ ಅಲೋಪೇಶಿಯಾ ಇದೆ ಎಂದು ವಿಡಿಯೋದಲ್ಲಿ ಹೇಳಿ, ವಿಗ್ ತೆಗೆದು ತಲೆ ತೋರಿಸಿದರು. ಆಮೇಲೆ ಸಂಸತ್ತಿಗೂ ಹಾಗೇ ಬಂದರು. ಎಲ್ಲರೂ ಹಾಗೆ ಮಾಡಬೇಕೆಂದಿಲ್ಲ. ವಿಗ್ ಒಂದು ದಿನ, ಸ್ಕಾರ್ಫ್ ಒಂದು ದಿನ, ಬರಿ ತಲೆ ಒಂದು ದಿನ ಇರಬಹುದು. ಭಯಕ್ಕೆ ಹಾಕುವ ವಿಗ್ ಬೇರೆ, ಇಷ್ಟಕ್ಕೆ ಹಾಕುವ ವಿಗ್ ಬೇರೆ. ಹುಬ್ಬು ಹೋದವರಿಗೆ ಹುಬ್ಬಿನ ಪೆನ್ಸಿಲ್ ತುಂಬಾ ಸಹಾಯ ಮಾಡುತ್ತದೆ.

ಮನಸ್ಸು ಒಪ್ಪದಿದ್ದರೆ

ಬೋಳಿಸಿದ ಮರುದಿನವೇ ಖುಷಿಯಾಗಬೇಕು ಅಂತೇನಿಲ್ಲ. ಅಳು ಬಂದರೆ ಅಳಿ. ಚಿಕ್ಕ ವಯಸ್ಸಿಗೆ ಕಳೆದುಕೊಂಡದ್ದು ಅದು, ದುಃಖ ಆಗುವುದು ನ್ಯಾಯವೇ. ಕನಿಷ್ಠ ಒಂದು ತಿಂಗಳು ಹಾಗೇ ಇದ್ದು ನೋಡಿ. ಕನ್ನಡಿಗೆ ಕಣ್ಣು ಹೊಂದಿಕೊಳ್ಳಲು ಅಷ್ಟು ಬೇಕು. ಆಮೇಲೂ ಇಷ್ಟವಾಗದಿದ್ದರೆ ಬೆಳೆಯಲು ಬಿಡಿ. ಇದ್ದಷ್ಟು ಕೂದಲು ಮತ್ತೆ ಬರುತ್ತದೆ, ಬೋಳಿಸಿದ್ದರಿಂದ ಒಂದೂ ಕಡಿಮೆಯಾಗುವುದಿಲ್ಲ.

ಆದರೆ ಕೆಲವರಿಗೆ ವಿಷಯ ಇಲ್ಲಿಗೆ ನಿಲ್ಲುವುದಿಲ್ಲ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯ ಮುಂದೆ ಹೋಗುತ್ತದೆ. ಕೆಲಸಕ್ಕೆ, ಕಾಲೇಜಿಗೆ ಹೋಗುವುದು ನಿಲ್ಲುತ್ತದೆ. ಗೆಳೆಯರ ಫೋನ್ ಎತ್ತುವುದಿಲ್ಲ. ನಿದ್ದೆ, ಊಟ ತಪ್ಪುತ್ತದೆ. ಬದುಕೇ ಬೇಡ ಎಂಬ ಯೋಚನೆ ಸುಳಿಯುತ್ತದೆ. ಇದಕ್ಕೆ ಟ್ರಿಮ್ಮರ್ ಪರಿಹಾರವಲ್ಲ, ಹೊಸ ಔಷಧಿಯೂ ಅಲ್ಲ. ಖಿನ್ನತೆ ಇರಬಹುದು, ಅಥವಾ ತನ್ನ ರೂಪದ ಒಂದು ಕೊರತೆಯನ್ನೇ ಮನಸ್ಸು ಬಿಡದೆ ಹಿಡಿದುಕೊಳ್ಳುವ ಕಾಯಿಲೆ ಇರಬಹುದು. ಎರಡಕ್ಕೂ ಮಾತಿನ ಚಿಕಿತ್ಸೆ ಇದೆ, ಔಷಧಿ ಇದೆ, ಗುಣವಾಗುತ್ತದೆ. ಮನೋವೈದ್ಯರ ಹತ್ತಿರ ಹೋದಾಗ 'ಕೂದಲಿಗಾಗಿ ಇಷ್ಟೊಂದಾ' ಅಂದುಕೊಳ್ಳುತ್ತಾರೇನೋ ಎಂದು ಹಿಂಜರಿಯಬೇಡಿ. ಎಷ್ಟು ಹೊತ್ತು ಕನ್ನಡಿ ನೋಡುತ್ತೀರಿ, ಏನೇನು ಮಾಡುವುದನ್ನು ಬಿಟ್ಟಿದ್ದೀರಿ, ಯಾವ ಯೋಚನೆಗಳು ಬರುತ್ತವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದುರಿಗೆ ಕೂತಾಗ ಮಾತು ಹೊರಡದಿದ್ದರೆ ಆ ಚೀಟಿಯನ್ನೇ ಕೊಡಿ.